ಹೊಲದ ಮಧ್ಯೆ ಚೌಕಾಕಾರದ ನೀರು: ಇಂಗ್ಲೆಂಡಿನ ಕಂದಕದ ಮನೆಗಳು

ಕಂದಕ ಅಂದ ತಕ್ಷಣ ಕೋಟೆ, ಮುತ್ತಿಗೆ, ಫಿರಂಗಿ ಇವೇ ತಲೆಗೆ ಬರುತ್ತೆ. ಆದ್ರೆ ಇಂಗ್ಲೆಂಡಿನ ಸಫಕ್, ಎಸೆಕ್ಸ್ ಕಡೆ ಹೊಲಗಳ ನಡುವೆ ಇರೋ ಕಂದಕಗಳಲ್ಲಿ ಬಹುಪಾಲು ಯಾವ ಯುದ್ಧನೂ ಕಂಡಿದ್ದಲ್ಲ, ಮನೆ ಸುತ್ತ ತೋಡಿದ್ದು ಅಷ್ಟೇ. ದೇಶದಲ್ಲಿ ಗುರುತಾಗಿರೋವೇ ಸುಮಾರು 6,000.

1066ರಲ್ಲಿ ಫ್ರಾನ್ಸ್ ಕಡೆಯಿಂದ ನಾರ್ಮನ್ನರು ದಂಡೆತ್ತಿ ಬಂದ್ರು, ಮಣ್ಣಿನ ದಿಬ್ಬದ ಮೇಲೆ ಕೋಟೆ ಕಟ್ಟಿದ್ರು, ಆಮೇಲೆ ಕಲ್ಲಿನ ಕೋಟೆ ಬಂತು, ಅದೆಲ್ಲ ದೊಡ್ಡವರ ಕಥೆ. ಈ ಮನೆಗಳ ಕಾಲ ಹೆಚ್ಚುಕಮ್ಮಿ 1250ರಿಂದ 1350. ಆ ಕಾಲದ ಮೊದಲ ಭಾಗದಲ್ಲಿ ಜನಸಂಖ್ಯೆ ಏರ್ತಾ ಇತ್ತು, ಧಾನ್ಯಕ್ಕೆ ಒಳ್ಳೆ ರೇಟು, ಕಾಡು ಕಡಿದು ಹೊಸ ಜಮೀನು ಮಾಡ್ಕೊಂಡವರ ಕೈಯಲ್ಲೂ ನಾಲ್ಕು ಕಾಸು ಓಡಾಡ್ತಿತ್ತು, ಹಾಗಾಗಿ ಜಮೀನ್ದಾರನ ಮನೆಗೆ ಇದ್ದದ್ದು ಅನುಕೂಲಸ್ಥ ರೈತನಿಗೂ ಬೇಕನ್ನಿಸ್ತು. ಅಲ್ಲಿಯದು ಜೇಡಿಮಣ್ಣು, ಅಗೆದ್ರೆ ನೀರು ಇಂಗದೆ ನಿಲ್ಲುತ್ತೆ, ಅಗೆದ ಮಣ್ಣನ್ನ ಮಧ್ಯಕ್ಕೆ ಸುರಿದ್ರೆ ಮನೆಗೆ ಎತ್ತರದ ಒಣ ಜಾಗ ಸಿಗುತ್ತೆ. ಮೀನು ಸಾಕಬಹುದು, ದನಕ್ಕೆ ನೀರಾಯ್ತು, ರಾತ್ರಿ ಕಳ್ಳ ಸುಲಭಕ್ಕೆ ಒಳಗೆ ಬರಲ್ಲ. ಆದ್ರೆ ಎಷ್ಟೋ ಕಡೆ ಕಂದಕ ನಾಲ್ಕೂ ಸುತ್ತ ಇಲ್ಲ, ಮೂರೇ ಕಡೆ ಇದೆ! ರಕ್ಷಣೆಗೇ ಅಂತಿದ್ರೆ ಒಂದು ಕಡೆ ಬಿಡ್ತಿದ್ರಾ? ಬಂದವರು ಸೇತುವೆ ದಾಟಿ ಬಾಗಿಲಿಗೆ ಬರಬೇಕು, ಆ ಗತ್ತೇ ಮುಖ್ಯ ಅಂತ ನನಗನ್ಸೋದು.

1348ರ ಪ್ಲೇಗ್ ಬಂದು ಊರೂರೇ ಬರಿದಾಯ್ತು, ಹೊಸ ಕಂದಕ ತೋಡೋದು ಕಮ್ಮಿಯಾಯ್ತು, ಮುಂದಿನ ಐನೂರು ವರ್ಷ ಕೆಲವು ಮನೆ ಉಳಿದ್ವು, ಹಲವು ಬಿದ್ವು. ಕೆಂಟ್‌ನ ಐಟಮ್ ಮೋಟ್ ಅನ್ನೋ ಮನೆಯಂಥವನ್ನ ಇವತ್ತು ಟಿಕೆಟ್ ತಗೊಂಡು ನೋಡಬಹುದು, ಬೇರೆ ಎಷ್ಟೋ ಯಾರ್ದೋ ಹೊಲದಲ್ಲಿ ತುರಿಕೆಗಿಡ ಬೆಳೆದು, ಹಸಿರು ಪಾಚಿ ಮುಚ್ಚಿದ ತಗ್ಗು. ಆದ್ರೆ ತಳದ ಕೆಸರಿಗೆ ಗಾಳಿ ತಾಗಲ್ಲ, ಅದಕ್ಕೇ ಚರ್ಮದ ಚಪ್ಪಲಿ, ಮರದ ಬಟ್ಟಲು, ಕಾಳುಬೀಜ ಕೂಡ ಕೊಳೀದೆ ಉಳಿಯುತ್ತೆ, ಅಂಥದ್ದು ಒಣ ನೆಲದಲ್ಲಿ ಸಿಗಲ್ಲ.

ಎರಡನೇ ಮಹಾಯುದ್ಧದ ನಂತರ ದೇಶಕ್ಕೆ ಆಹಾರ ಬೇಕಿತ್ತು, ನೀರು ಬಸಿಯೋ ಕಾಲುವೆಗೆ, ಬೇಲಿ ಕೀಳೋಕೆ ಸಬ್ಸಿಡಿ ಬಂತು, ಟ್ರಾಕ್ಟರ್‌ಗೆ ಅಡ್ಡ ಬರೋ ತಗ್ಗು ಯಾರಿಗೆ ಬೇಕು, ಎಷ್ಟೋ ಕಂದಕ ಮುಚ್ಚಿಹೋದ್ವು. ಆಗ ಅದು ತಪ್ಪು ಅಂತ ಯಾರಿಗೂ ಅನ್ನಿಸಿರಲಿಕ್ಕಿಲ್ಲ, ಆದ್ರೂ ಹೊಟ್ಟೆ ಉರಿಯುತ್ತೆ. 1971ರಲ್ಲಿ ಇವನ್ನೇ ಅಧ್ಯಯನ ಮಾಡೋಕೆ ಸಂಶೋಧಕರ ಒಂದು ಗುಂಪು ಹುಟ್ಟಿತು, 1979ರಲ್ಲಿ ಸ್ಮಾರಕ ರಕ್ಷಣೆ ಕಾನೂನು ಬಿಗಿಯಾಯ್ತು, ಆದ್ರೆ ಆ ರಕ್ಷಣೆ ಪಟ್ಟಿಗೆ ಸೇರಿದವಕ್ಕೆ ಮಾತ್ರ.

ಮುಚ್ಚಿದ್ದೂ ಪೂರ್ತಿ ಹೋಗಿರಲ್ಲ. ಮಳೆ ಇಲ್ಲದ ಬೇಸಿಗೆಯಲ್ಲಿ ಸುತ್ತಲ ಗೋಧಿ ಹಳದಿಗೆ ತಿರುಗಿದ್ರೂ ಹಳೇ ಕಂದಕದ ಮೇಲಿನ ಪೈರು ಇನ್ನೂ ಹಸಿರಾಗೇ ಇರುತ್ತೆ, ವಿಮಾನದಿಂದ ನೋಡಿದ್ರೆ ಹೊಲದ ನಡುವೆ ಅದೇ ಚೌಕ.