ಹದಿನಾರನೇ ತಿಂಗಳ ಲೆಕ್ಕ

ಶಾಲಾ ಮಕ್ಕಳು ತಮ್ಮ ಸುತ್ತಮುತ್ತಲಿನ ಒಂದು ಸಾರ್ವಜನಿಕ ಸಮಸ್ಯೆಯನ್ನು ಆರಿಸಿಕೊಂಡು, ಅದಕ್ಕೆ ಪರಿಹಾರ ಹುಡುಕಿ, ಆ ಪರಿಹಾರಕ್ಕೊಂದು ಬಜೆಟ್ ಸಿದ್ಧಪಡಿಸುವ ಯೋಜನೆಗಳನ್ನು ಪರಿಶೀಲಿಸುವುದು ಹಲವು ವರ್ಷಗಳಿಂದ ನನ್ನ ಕೆಲಸದ ಒಂದು ಭಾಗವಾಗಿದೆ. ನಾನು ಮೂಲತಃ ಲೆಕ್ಕಪರಿಶೋಧನೆಯ ವೃತ್ತಿಯವನು. ಇಂಥ ಯೋಜನೆ ಪಠ್ಯಪುಸ್ತಕದ ಲೆಕ್ಕಕ್ಕಿಂತ ಏಕೆ ಮೇಲು ಎಂಬುದನ್ನು ಇಲ್ಲಿ ವಿವರಿಸಲು ಹೋಗುವುದಿಲ್ಲ. ಇದನ್ನು ಓದುವ ಶಿಕ್ಷಕರಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಕೂಡಿ ಕಳೆಯುವುದು ಮಕ್ಕಳಿಗೆ ಬರುತ್ತದೆ, ಮೂರು ಕಡೆ ಕೊಟೇಶನ್ ತರಬೇಕೆಂಬುದನ್ನು ಒಮ್ಮೆ ಹೇಳಿದರೆ ಸಾಕು, ರಸೀದಿಗಳನ್ನಂತೂ ಅವರು ದೊಡ್ಡವರಿಗಿಂತ ಜೋಪಾನವಾಗಿ ಇಡುತ್ತಾರೆ. ನನ್ನ ತಕರಾರು ಒಂದೇ ಒಂದು ವಿಷಯದ್ದು, ಅದು ಮಕ್ಕಳಿಗಿಂತ ಹೆಚ್ಚಾಗಿ ಅವರ ಬೆನ್ನಿಗೆ ನಿಂತ ದೊಡ್ಡವರಿಗೆ ಸಂಬಂಧಿಸಿದ್ದು: ‘ಬಜೆಟ್’ ಎಂಬ ತಲೆಬರಹ ಹೊತ್ತು ನನ್ನ ಮೇಜಿಗೆ ಬರುವ ಹಾಳೆಗಳಲ್ಲಿ ಬಹುಪಾಲು ಬಜೆಟ್‌ಗಳೇ ಅಲ್ಲ, ಖರೀದಿ ಪಟ್ಟಿಗಳು.

ಖರೀದಿ ಪಟ್ಟಿ ಏನೇನು ಬೇಕು, ಎಷ್ಟಾಗುತ್ತದೆ ಎಂದು ಹೇಳಿ ಅಲ್ಲಿಗೆ ನಿಂತುಬಿಡುತ್ತದೆ. ಬಜೆಟ್‌ಗಾದರೋ ಕಾಲ ಎಂಬುದೊಂದು ಇದೆ. ಎಷ್ಟು ಅವಧಿಗೆ, ಆ ಅವಧಿಯಲ್ಲಿ ಹಣ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ, ಅವಧಿ ಮುಗಿದ ದಿನ ಕೈಯಲ್ಲಿ ಎಷ್ಟು ಉಳಿದಿರುತ್ತದೆ ಎಂಬುದನ್ನು ಹೇಳದ ಹಾಳೆಯನ್ನು ಬಜೆಟ್ ಎಂದು ಕರೆಯಲು ನನ್ನ ವೃತ್ತಿ ಒಪ್ಪುವುದಿಲ್ಲ. ಮಕ್ಕಳು ಸಾಮಾನ್ಯವಾಗಿ ಆರಿಸಿಕೊಳ್ಳುವ ಪರಿಹಾರಗಳನ್ನು ನೋಡಿ: ನೀರು ಶುದ್ಧೀಕರಣ ಯಂತ್ರ, ಕಸದ ತೊಟ್ಟಿ, ಬೀದಿ ದೀಪ, ಗೋಡೆಗೊಂದು ಪುಸ್ತಕದ ಕಪಾಟು, ಸಾಲಾಗಿ ನೆಟ್ಟ ಸಸಿಗಳು. ಇವುಗಳಲ್ಲಿ ಒಂದೂ ಕೊಂಡು ತಂದ ದಿನಕ್ಕೆ ಮುಗಿಯುವಂಥದ್ದಲ್ಲ. ತೊಟ್ಟಿಯನ್ನು ಯಾರೋ ಬರಿದು ಮಾಡಬೇಕು, ಸಸಿಗೆ ಮೊದಲ ಎರಡು ಬೇಸಿಗೆ ನೀರು ಹೊರಬೇಕು, ಕಪಾಟಿನ ಮುರಿದ ಬಾಗಿಲಿಗೆ ಹೊಸ ತಿರುಗಣಿ ಹಾಕಿಸಬೇಕು. ಆನೆಯನ್ನು ದಾನ ಕೊಡುವವರು ಸಿಕ್ಕಾರು. ಮೇವಿನ ದಾನಿ ಸಿಗುವುದು ಕಷ್ಟ.

ಇದನ್ನು ಎಷ್ಟು ಬಾರಿ ಹೇಳಿದರೂ ‘ಹೌದು ಸಾರ್, ನಿರ್ವಹಣೆ ಅಂತ ಒಂದು ಸಾಲು ಸೇರಿಸಿದ್ದೇವೆ’ ಎಂಬ ಉತ್ತರ ಬರುವುದರಿಂದ, ಲೆಕ್ಕವನ್ನೇ ಬಿಡಿಸಿ ತೋರಿಸುತ್ತೇನೆ. ಕೈಯಲ್ಲಿರುವ ಒಟ್ಟು ಹಣವನ್ನು 100 ಎಂದು ಇಟ್ಟುಕೊಳ್ಳಿ. ಸಾರ್ವಜನಿಕ ಮೈದಾನವೊಂದರಲ್ಲಿ ಕುಡಿಯುವ ನೀರು ಕೊಳಕಾಗಿದೆ, ಮಕ್ಕಳ ತಂಡ ಶುದ್ಧೀಕರಣ ಯಂತ್ರ ಕೂರಿಸಲು ನಿರ್ಧರಿಸಿದೆ. ಯಂತ್ರಕ್ಕೆ 60, ಅಳವಡಿಸುವುದಕ್ಕೆ 8, ಒಟ್ಟು 68. ‘ಇನ್ನೂ 32 ಉಳಿಯಿತು’ ಎಂದು ತಂಡ ಹಿಗ್ಗುತ್ತದೆ, ಶಿಕ್ಷಕರು ಬೆನ್ನು ತಟ್ಟುತ್ತಾರೆ, ಕೆಲವೊಮ್ಮೆ ಆ ಉಳಿಕೆಯಲ್ಲಿ ಒಂದು ಪಾಲು ನಾಮಫಲಕಕ್ಕೂ ಹೋಗುತ್ತದೆ. ಆದರೆ ಯಂತ್ರದ ಶೋಧಕವನ್ನು ಆರು ತಿಂಗಳಿಗೊಮ್ಮೆ ಬದಲಿಸಬೇಕು, ಪ್ರತಿ ಸಲಕ್ಕೆ 9. ನಲ್ಲಿ, ಸ್ವಚ್ಛತೆ, ಸಣ್ಣ ರಿಪೇರಿ ಸೇರಿ ವರ್ಷಕ್ಕೆ 6. ಅಂದರೆ ವರ್ಷಕ್ಕೆ 24. ಉಳಿದ 32ನ್ನು ಈ 24ರಿಂದ ಭಾಗಿಸಿದರೆ ಸಿಗುವುದು ಒಂದು ವರ್ಷ ನಾಲ್ಕು ತಿಂಗಳು. ಹದಿನಾರನೇ ತಿಂಗಳಿಗೆ ಹಣ ಖಾಲಿಯಾಗುತ್ತದೆ, ಆ ಹೊತ್ತಿಗೆ ಯೋಜನೆ ಮಾಡಿದ ಮಕ್ಕಳು ಮುಂದಿನ ತರಗತಿಗೋ ಬೇರೆ ಶಾಲೆಗೋ ಹೋಗಿಯಾಗಿರುತ್ತದೆ. ಶೋಧಕ ಬದಲಿಸದ ಯಂತ್ರ ನೀರನ್ನು ಇನ್ನಷ್ಟು ಕೆಡಿಸಲೂಬಹುದು. ನಾಮಫಲಕ ಮಾತ್ರ ಚೆನ್ನಾಗಿರುತ್ತದೆ.

ಈಗ ಅದೇ ಮೈದಾನದ ಇನ್ನೊಂದು ದಾರಿ. ತಂಡದಲ್ಲಿ ಯಾರಾದರೂ ಒಬ್ಬರು ಮೇಲೆ ಹತ್ತಿ ನೋಡಿ, ನೀರಿನ ತೊಟ್ಟಿಯ ಮುಚ್ಚಳ ಒಡೆದಿದೆ, ಒಳಗೆ ಪಾಚಿ ಕಟ್ಟಿದೆ ಎಂದು ಕಂಡುಕೊಂಡರು ಎನ್ನೋಣ. ನೀರಿನ ಪರೀಕ್ಷೆ, ಹೊಸ ಮುಚ್ಚಳ, ಮೊದಲ ಸಲದ ತೊಳೆಯುವಿಕೆ ಎಲ್ಲ ಸೇರಿ 22. ನಂತರ ನಿಯಮಿತವಾಗಿ ತೊಳೆಸುವುದಕ್ಕೆ ವರ್ಷಕ್ಕೆ 8. ಉಳಿದ 78ನ್ನು 8ರಿಂದ ಭಾಗಿಸಿದರೆ ಒಂಬತ್ತು ಮುಕ್ಕಾಲು ವರ್ಷ. ಐದು ವರ್ಷದ ಒಟ್ಟು ವೆಚ್ಚ ನೋಡಿದರೆ ಯಂತ್ರದ್ದು 188, ಮುಚ್ಚಳದ್ದು 62. ಕೈಯಲ್ಲಿರುವುದು 100. ಇಷ್ಟನ್ನು ಕಪ್ಪುಹಲಗೆಯ ಮೇಲೆ ಬರೆದರೆ ಹದಿಮೂರು ವರ್ಷದ ಹುಡುಗನಿಗೂ ಯಾರೂ ಪಾಠ ಹೇಳಬೇಕಾಗುವುದಿಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸುತ್ತೇನೆ: ನೀರನ್ನು ಪರೀಕ್ಷಿಸದೆ ಎರಡನೆಯ ದಾರಿಯನ್ನು ಆರಿಸುವಂತಿಲ್ಲ. ದೋಷ ಮೂಲದ ನೀರಿನಲ್ಲೇ ಇದ್ದರೆ ಯಂತ್ರವೇ ಬೇಕಾದೀತು, ಆಗ ಚರ್ಚೆ ಅದರ ವಾರ್ಷಿಕ 24 ಯಾರ ಜೇಬಿನಿಂದ ಎಂಬುದಕ್ಕೆ ತಿರುಗುತ್ತದೆ. ಅಗ್ಗದ್ದೇ ಸರಿ ಎಂಬ ತೀರ್ಮಾನವನ್ನು ನನ್ನ ಮಾತಿನಿಂದ ಯಾರೂ ತೆಗೆಯಬಾರದು.

ಇದು ಮಕ್ಕಳ ಅನನುಭವದ ಫಲವೆಂದು ಭಾವಿಸಬೇಡಿ. ಸಹಾರಾದ ದಕ್ಷಿಣದ ಆಫ್ರಿಕಾ ದೇಶಗಳಲ್ಲಿ ಕೂರಿಸಿದ ಕೈಪಂಪುಗಳ ಪೈಕಿ ಸುಮಾರು ಮೂರನೇ ಒಂದು ಭಾಗ ಕೆಲಸ ಮಾಡುತ್ತಿಲ್ಲ ಎಂಬ ಅಂದಾಜು 2009ರಲ್ಲಿ ಹೊರಬಂದಿತ್ತು; ಅವುಗಳನ್ನು ಕೂರಿಸಿದವರಲ್ಲಿ ಅನುಭವಿ ಎಂಜಿನಿಯರುಗಳೂ ಇದ್ದರು, ದೊಡ್ಡ ದಾನಿಗಳೂ ಇದ್ದರು. ಪಂಪು ಕೆಡಲು ಕಾರಣಗಳು ಹಲವು, ಆದರೆ ಬಿಡಿಭಾಗಕ್ಕೂ ರಿಪೇರಿಗೂ ಹಣ ಎತ್ತಿಡದೇ ಇದ್ದದ್ದು ಅವುಗಳಲ್ಲಿ ಮುಖ್ಯವಾದುದು. ಜನರೇ ಕೂತು ನಗರದ ಹಣದ ಬಗ್ಗೆ ನಿರ್ಧರಿಸುವ ಪದ್ಧತಿ ಬ್ರೆಜಿಲ್‌ನ ಪೋರ್ತೊ ಅಲೆಗ್ರೆ ನಗರದಲ್ಲಿ 1989ರಲ್ಲಿ ಆರಂಭವಾಗಿ ಹಲವು ದೇಶಗಳಿಗೆ ಹಬ್ಬಿತು. ಪೋರ್ಚುಗಲ್ 2017ರಿಂದ ಸರ್ಕಾರಿ ಶಾಲೆಗಳ ಮಕ್ಕಳಿಗೆ ತಲೆಗೊಂದು ಯೂರೋದಂತೆ, ಸಣ್ಣ ಶಾಲೆಯಾದರೂ ಕನಿಷ್ಠ 500 ಯೂರೋ, ತಾವೇ ಮತ ಹಾಕಿ ಬಳಸಲು ಕೊಟ್ಟಿತು. ಅಮೆರಿಕದ ಬಾಸ್ಟನ್ ನಗರಾಡಳಿತ 2014ರಲ್ಲಿ 10 ಲಕ್ಷ ಡಾಲರನ್ನು 12ರಿಂದ 25 ವರ್ಷದವರ ತೀರ್ಮಾನಕ್ಕೆ ಬಿಟ್ಟಿತು. ಇವೆಲ್ಲ ನಾನು ಮೆಚ್ಚುವ ಪ್ರಯೋಗಗಳೇ. ಆದರೆ ಬಾಸ್ಟನ್ನಿನ ಆ ಹಣ ನಗರದ ಬಂಡವಾಳ ವೆಚ್ಚದ ಖಾತೆಯಿಂದ ಬಂದದ್ದು, ಆದ್ದರಿಂದ ಕಟ್ಟುವುದಕ್ಕೂ ಕೊಳ್ಳುವುದಕ್ಕೂ ಮಾತ್ರ ಸಲ್ಲುವಂಥದ್ದು ಎಂಬುದನ್ನು ಗಮನಿಸಬೇಕು. ಕಟ್ಟಿದ್ದನ್ನು ನಡೆಸುವ ಖರ್ಚು ಬೇರೆ ಖಾತೆಯ, ಬೇರೆಯವರ ತಲೆನೋವು. ನಗರಾಡಳಿತಕ್ಕೆ ಆ ‘ಬೇರೆಯವರು’ ಸಂಬಳಕ್ಕೆ ಇರುತ್ತಾರೆ. ಎಂಟನೆಯ ತರಗತಿಯ ತಂಡಕ್ಕೆ ಅಂಥವರು ಯಾರೂ ಇರುವುದಿಲ್ಲ, ಹಾಗಾಗಿ ನಗರಾಡಳಿತದ ಮಾದರಿಯನ್ನು ಹಾಗೆಯೇ ಶಾಲೆಗೆ ತಂದರೆ ಅರ್ಧ ಬಜೆಟ್ಟನ್ನಷ್ಟೇ ತಂದಂತಾಗುತ್ತದೆ.

ಇಲ್ಲಿಗೆ ಶಿಕ್ಷಕರ ವಿಷಯಕ್ಕೆ ಬರಬೇಕು, ಸ್ವಲ್ಪ ಅಳುಕಿನಿಂದಲೇ ಬರುತ್ತೇನೆ, ಏಕೆಂದರೆ ಈ ಕೆಲಸಕ್ಕೆ ಮುಂದಾಗುವ ಶಿಕ್ಷಕರು ಸಾಮಾನ್ಯವಾಗಿ ಶಾಲೆಯ ಅತ್ಯಂತ ಒಳ್ಳೆಯ ಶಿಕ್ಷಕರು. ಅವರ ಒಳ್ಳೆಯತನವೇ ತೊಂದರೆ. ಕಾಂಪೋಸ್ಟ್ ಗುಂಡಿಯ ಯೋಜನೆಯೊಂದರಲ್ಲಿ, ಮೇಲಿನ ಅಳತೆಯಲ್ಲೇ ಹೇಳುವುದಾದರೆ, 12 ಕಡಿಮೆ ಬಿದ್ದಿತ್ತು. ಮಕ್ಕಳು ಮೂರು ದಿನ ಜಗಳವಾಡಿದರು: ಗುಂಡಿ ಎರಡರ ಬದಲು ಒಂದೇ ಸಾಕೇ, ಜಾಲರಿ ಬೇಕೇ, ಪಕ್ಕದ ಮನೆಗಳವರು ಸ್ವಲ್ಪ ಕೊಟ್ಟಾರೇ, ಕೊಟ್ಟರೆ ಅವರ ಕಸವನ್ನೂ ತೆಗೆದುಕೊಳ್ಳಬೇಕಲ್ಲವೇ. ನಾನು ಮೂಲೆಯಲ್ಲಿ ಕೂತು ಇದಕ್ಕಿಂತ ಒಳ್ಳೆಯ ಆಯವ್ಯಯ ಚರ್ಚೆಯನ್ನು ದೊಡ್ಡವರ ಸಭೆಗಳಲ್ಲಿ ಎಷ್ಟು ಸಲ ಕೇಳಿದ್ದೇನೆ ಎಂದು ಯೋಚಿಸುತ್ತಿದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ಬಂದರೆ ಜಗಳ ನಿಂತಿತ್ತು. ಶಿಕ್ಷಕಿ ತಮ್ಮ ಕೈಯಿಂದ ಆ 12ನ್ನು ಹಾಕಿಬಿಟ್ಟಿದ್ದರು. ‘ಪಾಪ, ಮಕ್ಕಳು ಬೇಜಾರು ಮಾಡಿಕೊಂಡಿದ್ದರು’ ಎಂದರು. ಅವರಿಗೆ ನಾನು ಏನೂ ಹೇಳಲಿಲ್ಲ, ಹೇಳಬೇಕಿತ್ತು. ಆ ಬೇಜಾರಿಗಾಗಿಯೇ ನಾವು ಇಷ್ಟು ದೂರ ಬಂದದ್ದು. ಕೊರತೆ ಬಿದ್ದಾಗಲೆಲ್ಲ ಎಲ್ಲಿಂದಲೋ ಒಂದು ಕೈ ಬಂದು ತುಂಬಿಸುತ್ತದೆ ಎಂಬುದನ್ನು ಆ ತಂಡ ಕಲಿತುಕೊಂಡಿತು, ಮುಂದೆ ಅದನ್ನು ಮರೆಸುವುದಕ್ಕೆ ಬಹಳ ಕಾಲ ಬೇಕಾಗುತ್ತದೆ. ಮಕ್ಕಳ ಸುರಕ್ಷತೆಗೆ ಸಂಬಂಧಿಸಿದ ಖರ್ಚಾಗಿದ್ದರೆ ಮಾತು ಬೇರೆ. ಅಂಥ ಕಡೆ ದೊಡ್ಡವರು ಕೂಡಲೇ ಹಣ ಹಾಕಬೇಕು, ಆದರೆ ಆ ಹಣವೂ ಜಮಾ ಕಾಲಮಿನಲ್ಲಿ ಯಾರದೆಂದು ಕಾಣುವಂತಿರಬೇಕು.

ಇದಕ್ಕೆ ವಿರುದ್ಧವಾದ ಪ್ರಸಂಗವನ್ನೂ ಹೇಳಬೇಕು, ಇಲ್ಲದಿದ್ದರೆ ಬರೀ ಗೊಣಗಾಟವಾದೀತು. ಒಂಬತ್ತನೆಯ ತರಗತಿಯ ತಂಡವೊಂದು ಕತ್ತಲೆಯ ಕಾಲುದಾರಿಗೆ ಎರಡು ಸೌರದೀಪ ಹಾಕಿಸಲು ಹೊರಟಿತ್ತು. ಹಣ ಸರಿಯಾಗಿ ಎರಡು ದೀಪಕ್ಕೆ ಸಾಲುತ್ತಿತ್ತು. ಲೆಕ್ಕ ಬರೆಯುವ ಹೊಣೆ ಹೊತ್ತಿದ್ದ ಹುಡುಗಿ ಸಭೆಗಳಲ್ಲಿ ಬಾಯಿ ಬಿಡದವಳು. ಅವಳು ವಾರಂಟಿ ಕಾಗದವನ್ನು ಪೂರ್ತಿ ಓದಿ ಬಂದಿದ್ದಳು. ಅದನ್ನು ಓದುವ ದೊಡ್ಡವರನ್ನು ನಾನು ಹೆಚ್ಚು ಕಂಡಿಲ್ಲ. ಸೌರ ಫಲಕಕ್ಕೆ 25 ವರ್ಷದ ಭರವಸೆ ಇರುವುದು ಸಾಮಾನ್ಯ, ಸೀಸ-ಆಮ್ಲದ ಬ್ಯಾಟರಿಯಾದರೋ ಇಂಥ ಬಳಕೆಯಲ್ಲಿ ಮೂರರಿಂದ ಐದು ವರ್ಷ ಬಾಳಿದರೆ ಹೆಚ್ಚು. ‘ಫಲಕ ಬದುಕಿರುವಷ್ಟು ಕಾಲ ಬ್ಯಾಟರಿಯನ್ನು ಕನಿಷ್ಠ ನಾಲ್ಕು ಸಲ ಬದಲಿಸಬೇಕು, ಅದು ಈ ಹಾಳೆಯಲ್ಲಿ ಎಲ್ಲೂ ಇಲ್ಲ’ ಎಂದು ಅವಳು ಹೇಳಿದಾಗ, ಹಣ ಕೊಡಲು ಬಂದಿದ್ದ ಹಿರಿಯರು ‘ಅದನ್ನೆಲ್ಲ ಆಗ ನೋಡಿಕೊಳ್ಳೋಣಮ್ಮ’ ಎಂದು ನಕ್ಕರು. ಅವಳು ನಗಲಿಲ್ಲ. ಬ್ಯಾಟರಿಯ ಬೆಲೆಯನ್ನು 48 ತಿಂಗಳಿಗೆ ಭಾಗಿಸಿ, ಪ್ರತಿ ತಿಂಗಳು ಅಷ್ಟನ್ನು ಎತ್ತಿಡಬೇಕೆಂದು ಬರೆದಳು. ಲೆಕ್ಕಪತ್ರದ ಭಾಷೆಯಲ್ಲಿ ಇದನ್ನು ಸವಕಳಿಗೆ ಮೀಸಲಿಡುವುದು ಎನ್ನುತ್ತೇವೆ. ಅವಳಿಗೆ ಆ ಪದ ಗೊತ್ತಿರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಎತ್ತಿಡಲು ಹಣ ಎಲ್ಲಿಂದ ಎಂದು ಕೇಳಿದಾಗ ಎರಡನೆಯ ದೀಪವನ್ನು ಹಾಳೆಯಿಂದ ಹೊಡೆದುಹಾಕಿದಳು. ತಂಡದ ಉಳಿದವರು ಎರಡು ದಿನ ಅವಳೊಡನೆ ಮಾತು ಬಿಟ್ಟಿದ್ದರು ಎಂದು ಆಮೇಲೆ ತಿಳಿಯಿತು. ಕೊನೆಗೆ ಒಂದೇ ದೀಪ ಬಂತು, ಅದನ್ನು ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ಅವರೆಲ್ಲ ಸೇರಿ ಎರಡು ಸಂಜೆ ಅಲ್ಲಿ ನಡೆದಾಡುವವರನ್ನು ಎಣಿಸಿದರು.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಈ ಪಾಠದ ಮೊದಲ ದಿನ ಬರೆಯದ ಶಾಲೆಯನ್ನು ನಾನು ಕಾಣೆ. ಗಾದೆ ಹಾಸಿಗೆಯ ಉದ್ದವನ್ನು ಹೇಳುತ್ತದೆ, ಅದು ಎಷ್ಟು ವರ್ಷ ಬಾಳೀತು ಎಂಬುದನ್ನು ಹೇಳುವುದಿಲ್ಲ.

ಕೆಲಸಕ್ಕೆ ಬರುವ ಕೆಲವು ಮಾತುಗಳು. ಪ್ರತಿ ವಸ್ತುವಿನ ಮುಂದೆ ಬೆಲೆಯ ಜೊತೆಗೆ ಇನ್ನೆರಡು ಕಾಲಮುಗಳಿರಲಿ: ಇದು ಎಷ್ಟು ತಿಂಗಳು ಬಾಳುತ್ತದೆ, ಇಲ್ಲವಾದಾಗ ಯಾರು ಕೊಡುತ್ತಾರೆ. ಎರಡನೆಯ ಕಾಲಮಿನಲ್ಲಿ ‘ಶಾಲೆ’ ಅಥವಾ ‘ಸಮುದಾಯ’ ಎಂದು ಬರೆದರೆ ನಾನು ಒಪ್ಪುವುದಿಲ್ಲ. ಹೆಸರಿರುವ ಒಬ್ಬ ವ್ಯಕ್ತಿ ಬೇಕು, ಅವರು ‘ಆಗಲಿ’ ಎಂದು ರುಜು ಹಾಕಿರಬೇಕು. ಮಕ್ಕಳು ಉಚಿತವಾಗಿ ಮಾಡುವ ದುಡಿಮೆಯನ್ನೂ ಗಂಟೆಯ ಲೆಕ್ಕದಲ್ಲಿ ಬರೆದಿಡಿ, ಪರೀಕ್ಷೆಯ ತಿಂಗಳಲ್ಲಿ ಆ ಗಂಟೆಗಳು ಸೊನ್ನೆಯಾಗುತ್ತವೆ ಎಂಬುದು ಆಗ ತಾನಾಗಿ ಕಣ್ಣಿಗೆ ಬೀಳುತ್ತದೆ. ಅಂದಾಜುಗಳು ಕಡಿಮೆಯೇ ಇರುತ್ತವೆ ಎಂದು ಮೊದಲೇ ತಿಳಿದುಕೊಳ್ಳಿ; ತಾನು ಮಾಡಲಿರುವ ಕೆಲಸದ ಸಮಯವನ್ನೂ ವೆಚ್ಚವನ್ನೂ ಮನುಷ್ಯ ಕಡಿಮೆ ಎಣಿಸುವ ಈ ಚಾಳಿಯನ್ನು ಕಾನಮನ್ ಮತ್ತು ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಹೆಸರಿಟ್ಟು ವಿವರಿಸಿದ್ದರು. ಅದಕ್ಕೆ ಮದ್ದೆಂದರೆ ಹಿಂದೆ ಇಂಥದ್ದೇ ಕೆಲಸ ಮಾಡಿದವರ ಬಳಿಗೆ ಹೋಗಿ, ಕೊನೆಗೆ ಎಷ್ಟಾಯಿತು ಎಂದು ಕೇಳುವುದು. ಹಾಗೆಂದು ಪ್ರತಿ ಯೋಜನೆಯೂ ವರ್ಷಗಟ್ಟಲೆ ನಡೆಯಬೇಕೆಂದೇನಿಲ್ಲ. ಒಂದು ದಿನದ ಆರೋಗ್ಯ ತಪಾಸಣೆ ಒಂದು ದಿನದ್ದೇ; ಅದರ ಅವಧಿ ಒಂದು ದಿನ ಎಂದು ಹಾಳೆಯ ತಲೆಯಲ್ಲಿ ಬರೆದರೆ ನನಗೆ ಯಾವ ಆಕ್ಷೇಪವೂ ಇಲ್ಲ.

ವರ್ಷದ ಕೊನೆಗೆ ಖಾತೆ ಪುಸ್ತಕವನ್ನು ಕಿರಿಯ ತರಗತಿಗೆ ಒಪ್ಪಿಸುವ ಪದ್ಧತಿಯನ್ನು ನಾನು ಹೋಗುವ ಶಾಲೆಗಳಲ್ಲಿ ಈಗ ಕಡ್ಡಾಯ ಮಾಡಿಸಿದ್ದೇನೆ. ಹಿರಿಯರ ಅಂತಿಮ ಶಿಲ್ಕು, ಅಂದರೆ ಕೈಯಲ್ಲಿ ಉಳಿದ ಹಣ, ಕಿರಿಯರ ಆರಂಭಿಕ ಶಿಲ್ಕಾಗಬೇಕು, ಒಪ್ಪಿಸುವಾಗ ಎರಡೂ ಕಡೆಯವರು ಹಣವನ್ನು ಎಣಿಸಿ ರುಜು ಮಾಡಬೇಕು. ಈ ವರ್ಷ ಅಂಥ ಒಂದು ಹಸ್ತಾಂತರಕ್ಕೆ ನಾನೂ ಹೋಗಿದ್ದೆ. ಏಳನೆಯ ತರಗತಿಯ ಹುಡುಗನೊಬ್ಬ ರುಜು ಹಾಕಲು ಪೆನ್ನು ತೆಗೆದವನು ಅದನ್ನು ಮತ್ತೆ ಮುಚ್ಚಿ, ಒಂದು ಸಾಲಿನ ಮೇಲೆ ಬೆರಳಿಟ್ಟು, ಹತ್ತು ತಿಂಗಳಲ್ಲಿ ನಾಲ್ಕು ಪೊರಕೆ ಏಕೆ ಬೇಕಾಯಿತು ಎಂದು ಕೇಳಿದ. ಹಿರಿಯ ತಂಡದವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಅವನ ಪಕ್ಕದವಳು ಅಷ್ಟರಲ್ಲಿ ರಸೀದಿಗಳ ಕಡತ ತೆರೆದು ಹುಡುಕಲು ಶುರು ಮಾಡಿದ್ದಳು.