ಹೆರೆಸ್ ಊರಿನ ಕ್ರಿಸ್‌ಮಸ್ ಸಾಂಬೊಂಬಾ: ಗಿಟಾರ್ ಕಲಿಯುವವರಿಗೆ ಒಂದಿಷ್ಟು ಟಿಪ್ಪಣಿ

ಡಿಸೆಂಬರ್ ಬಂತೆಂದರೆ ಗಿಟಾರ್ ಕಲಿಯುವವರಿಗೆ ಒಂದು ಆಸೆ ಹುಟ್ಟುತ್ತದೆ: ಸ್ಪೇನಿನ ಫ್ಲಮೆಂಕೊ ಸಂಗೀತದ ಶೈಲಿಯಲ್ಲಿ ಒಂದು ಕ್ರಿಸ್‌ಮಸ್ ಹಾಡು ನುಡಿಸಬೇಕು. ಹುಡುಕಿದರೆ ಸಿಗುವುದು ಹೆಚ್ಚಾಗಿ ಒಂಟಿ ಗಿಟಾರಿನ ವಿಡಿಯೊಗಳು. ಗೊತ್ತಿರುವ ಯಾವುದೋ ಇಂಗ್ಲಿಷ್ ಕ್ಯಾರಲ್, ಅದಕ್ಕೆ ಒಂದಿಷ್ಟು ಟ್ರೆಮೊಲೊ (ಒಂದೇ ಸ್ವರವನ್ನು ಬೇಗಬೇಗ ಮೀಟುವುದು), ನಡುವೆ ವೇಗದ ಪಿಕಾದೊ (ಎರಡು ಬೆರಳಿಂದ ಒಂದೊಂದೇ ಸ್ವರ ಮೀಟುವುದು), ಕೊನೆಗೆ ಜೋರಾಗಿ ಒಂದು ರಾಸ್ಗೆಆದೊ (ಬೆರಳುಗಳನ್ನು ಬಿಡಿಸುತ್ತಾ ತಂತಿಗಳನ್ನೆಲ್ಲ ಉಜ್ಜುವುದು). ಕೇಳಲು ಚೆನ್ನಾಗಿಯೇ ಇರುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಸ್ಪೇನಿನ ದಕ್ಷಿಣಕ್ಕೆ, ಆಂದಲೂಸಿಯಾದ ಹೆರೆಸ್ ದೆ ಲಾ ಫ್ರೊಂತೆರಾ ಊರಿಗೆ ಹೋದರೆ ಕ್ರಿಸ್‌ಮಸ್ ಹೀಗೆ ಕೇಳಿಸುವುದಿಲ್ಲ. ಅಲ್ಲಿ ಮೊದಲು ಕಿವಿಗೆ ಬೀಳುವುದು ಚಪ್ಪಾಳೆ, ಹತ್ತಾರು ಜನ ಒಟ್ಟಿಗೆ ಹಾಡುವ ಪಲ್ಲವಿ, ಮತ್ತು ಒಂದು ಮಡಕೆಯ ಗುರುಗುಟ್ಟುವ ಸದ್ದು. ಗಿಟಾರ್ ಅವರ ಹಿಂದೆ ಕೂತು ಎಲ್ಲರನ್ನೂ ಎತ್ತಿ ಹಿಡಿಯುತ್ತದೆ. ಸಾಂಬೊಂಬಾ ಎಂಬ ಈ ಹಾಡಿನ ಕೂಟದಲ್ಲಿ ಹಾಗೆ ಗಿಟಾರ್ ನುಡಿಸಲು ಕಲಿಯುವುದು ಹೇಗೆ ಅನ್ನುವುದಕ್ಕೆ ಈ ಟಿಪ್ಪಣಿ.

ಮೊದಲು ಮಡಕೆಯ ಕಥೆ

ಸಾಂಬೊಂಬಾ ಒಂದು ವಾದ್ಯ. ಮಣ್ಣಿನ ಮಡಕೆಯ ಬಾಯಿಗೆ ಚರ್ಮ ಇಲ್ಲವೇ ಬಟ್ಟೆ ಬಿಗಿದು ಕಟ್ಟುತ್ತಾರೆ. ಅದರ ನಡುವೆ ಒಂದು ಉದ್ದನೆಯ ಲಾಳದಕಡ್ಡಿಯಂಥ ಜೊಂಡಿನ ಕೋಲು ನಿಂತಿರುತ್ತದೆ. ನುಡಿಸುವವರು ಕೈಯನ್ನು ನೀರಲ್ಲಿ ಅದ್ದಿಕೊಂಡು ಆ ಕೋಲನ್ನು ಮುಷ್ಟಿಯಲ್ಲಿ ಹಿಡಿದು ಮೇಲೆ ಕೆಳಗೆ ಉಜ್ಜುತ್ತಾರೆ. ಕೋಲಿನ ಅದುರು ಚರ್ಮಕ್ಕೆ ಹೋಗಿ, ಚರ್ಮದಿಂದ ಮಡಕೆಯೊಳಗಿನ ಗಾಳಿಗೆ ಹೋಗಿ, ಹೊಟ್ಟೆಯೊಳಗಿಂದ ಬಂದಂತೆ ಒಂದು ದಪ್ಪ ಸದ್ದು ಹೊರಡುತ್ತದೆ. ಕೈ ಒಣಗಿತೋ, ಸದ್ದು ಹೋಯಿತು. ಮತ್ತೆ ನೀರಿಗೆ ಕೈ ಹಾಕಬೇಕು. ನಮ್ಮ ಉರುಮೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ, ಅಲ್ಲೂ ಬಾಗಿದ ಕೋಲನ್ನು ಚರ್ಮಕ್ಕೆ ಉಜ್ಜಿಯೇ ಸದ್ದು ತೆಗೆಯುವುದು.

ಈ ವಾದ್ಯ ಇಟ್ಟುಕೊಂಡು ಕ್ರಿಸ್‌ಮಸ್ ಸಮಯದಲ್ಲಿ ಜನ ಸೇರಿ ಹಾಡುವ ಕೂಟಕ್ಕೂ ಸಾಂಬೊಂಬಾ ಅಂತಲೇ ಹೆಸರು. ಹೆರೆಸ್ ದ್ರಾಕ್ಷಿ ತೋಟಗಳ ಊರು, ಶೆರಿ ಮದ್ಯ ಬರುವುದು ಅಲ್ಲಿಂದಲೇ. ಕೂಲಿ ಮಾಡುವ ಬಡ ಕುಟುಂಬಗಳು ಒಂದೇ ಅಂಗಳದ ಸುತ್ತ ಒಂದೊಂದು ಕೋಣೆಯಲ್ಲಿ ಬದುಕುತ್ತಿದ್ದ ವಠಾರಗಳು ಅಲ್ಲಿ ಬೇಕಾದಷ್ಟಿದ್ದವು. ಕ್ರಿಸ್‌ಮಸ್ ಹತ್ತಿರವಾದಾಗ ಅಂಗಳದ ನಡುವೆ ಬೆಂಕಿ ಹಾಕಿ, ಸುತ್ತ ಕುರ್ಚಿ ಹಾಕಿಕೊಂಡು, ಇದ್ದವರು ಇದ್ದುದನ್ನು ತಂದು ಹಂಚಿ ತಿಂದು ಹಾಡುತ್ತಿದ್ದರು. ಹಾಡುಗಳನ್ನು ಉಳಿಸಿದವರು ಹೆಚ್ಚಾಗಿ ಹೆಂಗಸರು. ಅಜ್ಜಿಯಿಂದ ಮೊಮ್ಮಗಳಿಗೆ, ಬಾಯಿಂದ ಬಾಯಿಗೆ. ಇನ್ನೊಂದು ಮಜಾ ಏನೆಂದರೆ ಎಲ್ಲ ಹಾಡೂ ಬಾಲ ಯೇಸುವಿನ ಮೇಲೆ ಇಲ್ಲ! ಪ್ರೀತಿ, ಜಗಳ, ಗಂಡ ಹೆಂಡಿರ ಕಿತಾಪತಿ, ನೆರೆಮನೆಯವರನ್ನು ಛೇಡಿಸುವುದು, ಎಲ್ಲವೂ ಅದೇ ರಾತ್ರಿ ಅದೇ ತಾಳದಲ್ಲಿ ಹಾಡಾಗುತ್ತದೆ.

2010ರಲ್ಲಿ ಯುನೆಸ್ಕೊ ಫ್ಲಮೆಂಕೊವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 2015ರಲ್ಲಿ ಆಂದಲೂಸಿಯಾ ಸರ್ಕಾರ ಹೆರೆಸ್ ಮತ್ತು ಹತ್ತಿರದ ಆರ್ಕೋಸ್ ದೆ ಲಾ ಫ್ರೊಂತೆರಾ ಊರುಗಳ ಸಾಂಬೊಂಬಾವನ್ನು ಸಂರಕ್ಷಿತ ಪರಂಪರೆ ಎಂದು ಘೋಷಿಸಿತು. ಈಗ ವಠಾರಗಳು ಕಡಿಮೆ, ಕೂಟಗಳು ಬಾರು, ಬೀದಿ, ಫ್ಲಮೆಂಕೊ ಸಂಘಗಳಿಗೆ ಬಂದಿವೆ. ನವೆಂಬರ್ ಕೊನೆಯಲ್ಲೇ ಶುರುವಾಗುತ್ತದೆ, ಪ್ರವಾಸಿಗರ ನೂಕುನುಗ್ಗಲು ಜಾಸ್ತಿ. ಹಳಬರಿಗೆ ಇದರ ಬಗ್ಗೆ ಬೇಸರ ಇದೆ. ಬೇಸರದಲ್ಲಿ ನ್ಯಾಯವೂ ಇದೆ ಅನ್ನಿಸುತ್ತದೆ. ಸ್ಪೀಕರ್ ಹಚ್ಚಿ ವೇದಿಕೆ ಕಟ್ಟಿದ ಮೇಲೆ ಹಾಡುವವರು, ಕೇಳುವವರು ಅಂತ ಎರಡು ಪಂಗಡ ಆಗಿಬಿಡುತ್ತದೆ.

ಹಾಡು ಫ್ಲಮೆಂಕೊ ಆದದ್ದು

ಸ್ಪ್ಯಾನಿಷ್ ಕ್ರಿಸ್‌ಮಸ್ ಹಾಡಿಗೆ ವಿಯಾನ್ಸಿಕೊ ಎನ್ನುತ್ತಾರೆ. ಇವು ಮೂಲದಲ್ಲಿ ಹಳ್ಳಿಯ ಹಾಡುಗಳು, ಸರಳ ಧಾಟಿ. ಇವುಗಳನ್ನು ಹೆರೆಸ್‌ನ ಸಾಂತಿಯಾಗೊ, ಸಾನ್ ಮಿಗೆಲ್ ಎಂಬ ಎರಡು ಕೇರಿಗಳ ಹಿತಾನೊ ಕುಟುಂಬಗಳು, ಅಂದರೆ ಅಲ್ಲಿನ ರೋಮಾ ಜನ, ತಮ್ಮ ತಾಳಕ್ಕೆ ತಿರುಗಿಸಿಕೊಂಡರು. 1893ರಲ್ಲಿ ಹೆರೆಸ್‌ನಲ್ಲಿ ಹುಟ್ಟಿದ ಗಾಯಕ ನಿನ್ಯೊ ಗ್ಲೋರಿಯಾ ಕ್ರಿಸ್‌ಮಸ್ ಹಾಡನ್ನು ಬುಲೆರಿಯಾ ಎಂಬ ವೇಗದ ಫ್ಲಮೆಂಕೊ ತಾಳದಲ್ಲಿ ಹಾಡಿ ಎಷ್ಟು ಹೆಸರು ಮಾಡಿದನೆಂದರೆ ಹಾಡಿನ ಪಲ್ಲವಿಯಲ್ಲಿ ಬರುವ 'ಗ್ಲೋರಿಯಾ' ಅವನಿಗೇ ಅಂಟಿಕೊಂಡಿತು. ಮುಂದೆ 1980ರ ದಶಕದಲ್ಲಿ ಹೆರೆಸ್‌ನ ಉಳಿತಾಯ ಬ್ಯಾಂಕು ಕ್ರಿಸ್‌ಮಸ್‌ಗೆಂದು ಊರಿನ ಗಾಯಕರ ಧ್ವನಿಮುದ್ರಿಕೆಗಳ ಸರಣಿ ತಂದಿತು. ಅದರಲ್ಲಿ ಗಿಟಾರ್ ವಾದಕ ಪರ್ರಿಯಾ ದೆ ಹೆರೆಸ್ ಅವರ ಪಾಲು ದೊಡ್ಡದು. ಇವತ್ತು ಸಾಂಬೊಂಬಾ ಅಂದಾಗ ಕಿವಿಗೆ ಬರುವ ಸದ್ದು ಬಹಳಮಟ್ಟಿಗೆ ಆ ಮುದ್ರಿಕೆಗಳಿಂದಲೇ ಗಟ್ಟಿಯಾದದ್ದು. ಸಿಕ್ಕರೆ ಮೊದಲು ಅವನ್ನೇ ಕೇಳಿ. ಗಿಟಾರ್ ಎಷ್ಟು ಕಡಿಮೆ ಮಾತಾಡುತ್ತದೆ ಅನ್ನುವುದನ್ನು ಗಮನಿಸಿ.

ಹನ್ನೆರಡರ ಲೆಕ್ಕ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಎಲ್ಲರೂ ಎಡವುವುದು ಇಲ್ಲೇ.

ಬುಲೆರಿಯಾದ ಆವರ್ತನಕ್ಕೆ 12 ಏಟು. ಫ್ಲಮೆಂಕೊದವರು ಆವರ್ತನಕ್ಕೆ ಕೊಂಪಾಸ್ ಎನ್ನುತ್ತಾರೆ. ಒತ್ತು ಬೀಳುವುದು 12, 3, 6, 8, 10ರ ಮೇಲೆ. ಹೌದು, ಎಣಿಕೆ 12ರಿಂದ ಶುರು, ಗಡಿಯಾರದ ಮುಳ್ಳು ಮೇಲಿಂದ ಹೊರಟ ಹಾಗೆ. ಪುಸ್ತಕದಲ್ಲಿ ಓದಿದಾಗ ತಲೆ ಕೆಡುತ್ತದೆ. ಆದರೆ ನಮ್ಮಲ್ಲಿ ಮೃದಂಗವೋ ಭರತನಾಟ್ಯವೋ ಒಂದಿಷ್ಟು ಕಿವಿಗೆ ಬಿದ್ದವರಿಗೆ ಇದು ಸುಲಭ. ಬಾಯಲ್ಲಿ ಹೇಳಿ:

ತಕಿಟ ತಕಿಟ ತಕ ತಕ ತಕ

ಮೂರು, ಮೂರು, ಎರಡು, ಎರಡು, ಎರಡು. ಒಟ್ಟು 12. ಪ್ರತಿ ಸಲ 'ತ' ಬಂದಲ್ಲಿ ಒಂದು ಚಪ್ಪಾಳೆ. ಮೊದಲನೆಯ 'ತ' 12ಕ್ಕೆ, ಎರಡನೆಯದು 3ಕ್ಕೆ, ಆಮೇಲಿನವು 6, 8, 10ಕ್ಕೆ ಸರಿಯಾಗಿ ಕೂರುತ್ತವೆ. ಲಯ ಬಡಿಯುವ ಮೆಟ್ರೊನೋಮನ್ನು ನಿಮಿಷಕ್ಕೆ 100 ಬಡಿತಕ್ಕೆ ಇಟ್ಟು ಒಂದೊಂದು ಬಡಿತಕ್ಕೆ ಒಂದೊಂದು ಅಕ್ಷರ ಹೇಳುತ್ತಾ ಹೋಗಿ. ನಿಜವಾದ ಬುಲೆರಿಯಾ ಇದರ ಎರಡರಷ್ಟು ವೇಗ ಮುಟ್ಟುತ್ತದೆ, ಈಗಲೇ ಅದರ ಹಿಂದೆ ಬೀಳಬೇಡಿ.

ಒಂದು ವ್ಯತ್ಯಾಸ ಮಾತ್ರ ತಲೆಯಲ್ಲಿರಲಿ. ನಮ್ಮ ಕಡೆ ತೀರ್ಮಾನ ಸಮಕ್ಕೆ ಬಂದು ಇಳಿಯುತ್ತದೆ, ಮುಂದಿನ ಆವರ್ತನದ ಮೊದಲ ಏಟಿಗೆ. ಬುಲೆರಿಯಾದಲ್ಲಿ ಮಾತು ಮುಗಿಯುವುದು 10ಕ್ಕೆ. ಕೊನೆಯ 'ತಕ'ದ 'ತ'ಕ್ಕೆ ಗಿಟಾರ್ ಕಡಿದು ನಿಲ್ಲುತ್ತದೆ, 11 ಖಾಲಿ, ಮತ್ತೆ 12ಕ್ಕೆ ಹೊಸದು. ಸಮಕ್ಕೆ ಇಳಿದು ಅಭ್ಯಾಸ ಆದವರು ಎರಡು ಏಟು ತಡವಾಗಿ ಮುಗಿಸುತ್ತಾರೆ, ಅಷ್ಟರಲ್ಲಿ ಹಾಡುವವರು ಮುಂದಿನ ಸಾಲಿಗೆ ಹೋಗಿಯಾಗಿರುತ್ತದೆ. ಹಾಗಾಗಿ 10ಕ್ಕೆ ನಿಲ್ಲುವುದನ್ನೇ ಬೇರೆಯಾಗಿ ಅಭ್ಯಾಸ ಮಾಡಿ. ಬರೀ ಅದನ್ನೇ, ಸ್ವರ ಗಿರ ಏನೂ ಬೇಡ, ತಂತಿಗಳನ್ನು ಎಡಗೈಯಿಂದ ಮುಚ್ಚಿಕೊಂಡು ಬಲಗೈಯಲ್ಲಿ ಉಜ್ಜುತ್ತಾ ಹೋಗಿ 10ಕ್ಕೆ ಟಕ್ ಅಂತ ನಿಲ್ಲಿಸುವುದು.

ಚಪ್ಪಾಳೆಗೂ ಎರಡು ಬಗೆ ಇದೆ. ಎರಡೂ ಅಂಗೈ ಬಟ್ಟಲು ಮಾಡಿ ತಟ್ಟಿದರೆ ಮಂದ ಸದ್ದು, ಹಾಡು ನಡೆಯುವಾಗ ಇದು. ಬಲಗೈ ಬೆರಳುಗಳನ್ನು ಎಡ ಅಂಗೈಗೆ ಹೊಡೆದರೆ ಚುರುಕು ಸದ್ದು, ಪಲ್ಲವಿ ಏರಿದಾಗ ಅಥವಾ ಯಾರಾದರೂ ಕುಣಿಯಲು ಎದ್ದಾಗ ಅದು. ಗಾಯಕಿ ಮೆತ್ತಗೆ ಸಾಲು ಎತ್ತುವಾಗ ಚುರುಕು ಚಪ್ಪಾಳೆ ಹೊಡೆದರೆ ಸುತ್ತ ಇದ್ದವರು ತಿರುಗಿ ನೋಡುತ್ತಾರೆ.

ಬುಲೆರಿಯಾ ಕಷ್ಟ ಅನ್ನಿಸಿದರೆ ತಾಂಗೋಸ್ ಇದೆ. ನಾಲ್ಕೇ ಏಟು, ಒಂದನ್ನು ಬಿಟ್ಟು 2, 3, 4ಕ್ಕೆ ಚಪ್ಪಾಳೆ. ಎಷ್ಟೋ ವಿಯಾನ್ಸಿಕೊಗಳನ್ನು ಇದರಲ್ಲೂ ಹಾಡುತ್ತಾರೆ. ಶುರುವಿಗೆ ಇದೇ ವಾಸಿ.

ಕೈಗೆ ಗಿಟಾರ್

ಫ್ಲಮೆಂಕೊ ಗಿಟಾರಿನ ಬೆನ್ನು, ಪಕ್ಕ ಸಾಂಪ್ರದಾಯಿಕವಾಗಿ ಸೈಪ್ರೆಸ್ ಮರದ್ದು. ಹಗುರ, ತಂತಿ ಹಲಗೆಗೆ ಹತ್ತಿರ ಕೂತಿರುತ್ತದೆ, ಸದ್ದು ಥಟ್ಟನೆ ಎದ್ದು ಬೇಗ ಅಡಗುತ್ತದೆ. ಚಪ್ಪಾಳೆಯ ನಡುವೆ ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳಬೇಕಲ್ವಾ, ಅದಕ್ಕೆ ಇದು ಹೇಳಿ ಮಾಡಿಸಿದ್ದು. ಅದಿಲ್ಲದಿದ್ದರೆ ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಸಾಕು. ಸ್ಟೀಲ್ ತಂತಿಯ ಅಕೂಸ್ಟಿಕ್‌ನಲ್ಲಿ ರಾಸ್ಗೆಆದೊ ಮಾಡಲು ಹೋದರೆ ಮೊದಲು ಹೋಗುವುದು ನಿಮ್ಮ ಉಗುರು. ಇನ್ನೊಂದು, ತೋರುಬೆರಳು ತಂತಿಯ ಮೇಲೆ ಇಳಿಯುವಾಗಲೇ ಉಂಗುರದ ಬೆರಳು ಹಲಗೆಯನ್ನು ತಟ್ಟುವ ಗೋಲ್ಪೆ ಎಂಬ ಕ್ರಮ ಇದೆ. ಅದಕ್ಕಾಗಿ ಫ್ಲಮೆಂಕೊ ಗಿಟಾರಿಗೆ ತೆಳು ಪ್ಲಾಸ್ಟಿಕ್ ತಗಡು ಅಂಟಿಸಿರುತ್ತಾರೆ. ಕ್ಲಾಸಿಕಲ್ ಗಿಟಾರಿನಲ್ಲಿ ಅದಿಲ್ಲ, ಸುಮ್ನೆ ಜೋಶ್‌ನಲ್ಲಿ ತಟ್ಟಿ ಪಾಲಿಶ್ ಕೆಡಿಸಿಕೊಳ್ಳಬೇಡಿ.

ಬುಲೆರಿಯಾವನ್ನು ಹೆಚ್ಚಾಗಿ ಹಿಡಿಯುವುದು 'ಪೋರ್ ಮೆದಿಯೊ' ಸ್ಥಾನದಲ್ಲಿ, ಅಂದರೆ ಎ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಹಾಡು ಮರಳಿ ಬರುವ ಮನೆ, ಬಿ ಫ್ಲಾಟ್ ಅದರ ಪಕ್ಕದಿಂದ ಎಳೆಯುವ ಕಾರ್ಡ್. ತೀರಾ ಮೊದಲ ಪಾಠ ಇಷ್ಟೇ: 12, 1, 2ಕ್ಕೆ ಎ. 3ಕ್ಕೆ ಬಿ ಫ್ಲಾಟ್‌ಗೆ ಹೋಗಿ ಅಲ್ಲೇ ಇರಿ. 10ಕ್ಕೆ ವಾಪಸ್ ಎ, ಕಡಿತ. ಈ ಅರ್ಧ ಸ್ವರದ ಎಳೆದಾಟದಲ್ಲೇ ಫ್ಲಮೆಂಕೊದ ಅರ್ಧ ರುಚಿ ಇದೆ. ಕೈ ಒಗ್ಗಿದ ಮೇಲೆ ಡಿ ಮೈನರ್, ಸಿ, ಬಿ ಫ್ಲಾಟ್, ಎ ಎಂದು ಮೆಟ್ಟಿಲಿಳಿಯುವುದನ್ನು ಸೇರಿಸಿಕೊಳ್ಳಿ.

ಹಾಡಿನ ಧಾಟಿ ಮಾತ್ರ ಇದೇ ಸ್ವರಗಳಲ್ಲಿ ಇರಬೇಕಂತಿಲ್ಲ. ಎಷ್ಟೋ ವಿಯಾನ್ಸಿಕೊಗಳು ಸಾದಾ ಮೈನರ್ ಅಥವಾ ಮೇಜರ್ ಧಾಟಿಯವು. 'ಲೋಸ್ ಪೇಸೆಸ್ ಎನ್ ಎಲ್ ರಿಯೊ' ಸ್ಪೇನಿನ ಮಕ್ಕಳಿಗೂ ಗೊತ್ತಿರುವ ಹಾಡು. ಮೇರಿ ತಲೆ ಬಾಚಿಕೊಳ್ಳುತ್ತಾಳೆ, ನದಿಯ ಮೀನುಗಳು ದೇವರು ಹುಟ್ಟಿದ ಖುಷಿಗೆ ಕುಡಿಯುತ್ತಲೇ ಇರುತ್ತವೆ. ಎ ಮೈನರ್, ಇ, ಈ ಎರಡರಲ್ಲೇ ಕೆಲಸ ನಡೆಸಬಹುದು. ಹಾಡಿಗೆ ಈ ಸಾದಾ ಸ್ವರ, ತಾಳ ಮಾತ್ರ ಫ್ಲಮೆಂಕೊದ್ದು. ಚರಣ ಚರಣಗಳ ನಡುವೆ ಜಾಗ ಸಿಕ್ಕಾಗ ಗಿಟಾರ್ ತನ್ನ ಫ್ಲಮೆಂಕೊ ಸ್ವರಕ್ಕೆ ಜಾರಿ ಒಂದು ಸಣ್ಣ ತುಣುಕು ನುಡಿಸಿ ಬರುತ್ತದೆ. ಈ ತುಣುಕಿಗೆ ಫಾಲ್ಸೆತಾ ಅಂತ ಹೆಸರು. ಅದು ಸಣ್ಣದಾಗಿಯೇ ಇರಲಿ. ಹೆರೆಸ್‌ನ ಮೊರಾಯಿತೊ ಅವರ (1956–2011) ಬುಲೆರಿಯಾ ಕೇಳಿ. ಸ್ವರ ಕಡಿಮೆ, ಆದರೆ ಒಂದೊಂದೂ ಸರಿಯಾದ ಜಾಗದಲ್ಲಿ ಬೀಳುತ್ತದೆ. ಇಪ್ಪತ್ತು ಫಾಲ್ಸೆತಾ ಗೊತ್ತಿದ್ದೂ ತಾಳ ಅಲುಗಾಡುವವರಿಗಿಂತ ಎರಡೇ ಸ್ವರ ಹಿಡಿದು ಅಲುಗದೆ ಕೂರುವವರು ಸಾಂಬೊಂಬಾಕ್ಕೆ ಬೇಕು.

ಕಾಪೊ, ಅಂದರೆ ಗಿಟಾರಿನ ಕತ್ತಿಗೆ ಕಚ್ಚಿಸಿ ಶ್ರುತಿ ಏರಿಸುವ ಪಟ್ಟಿ, ಮರೆಯಬೇಡಿ, ಅಲ್ಲಿ ಅದಕ್ಕೆ ಸೆಹಿಯಾ ಎನ್ನುತ್ತಾರೆ. ಹಾಡುವವರು ಎತ್ತಿದ ಶ್ರುತಿಗೆ ಗಿಟಾರ್ ಬರಬೇಕು, ಗಿಟಾರಿನ ಶ್ರುತಿಗೆ ಹಾಡುವವರಲ್ಲ. ಬೆರಳ ಆಕಾರ ಅದೇ ಇರಲಿ, ಕಾಪೊ ಸರಿಸಿ.

ಅಡುಗೆಮನೆಯ ವಾದ್ಯಗಳು, ಹಬ್ಬದ ತಿಂಡಿ

ಹಳೆಯ ಕೂಟಗಳಲ್ಲಿ ಗಿಟಾರ್ ಇರಲೇಬೇಕು ಅಂತೇನೂ ಇರಲಿಲ್ಲ. ಮನೆಯಲ್ಲಿದ್ದದ್ದೇ ವಾದ್ಯ. ಹಿತ್ತಾಳೆಯ ಕುಟ್ಟಾಣಿಯನ್ನು ಅದರ ಗುಂಡಿನಿಂದಲೇ ಬಡಿದರೆ ಗಂಟೆಯಂಥ ನಾದ. ಆನೀಸ್ ಮದ್ಯದ ಸೀಸೆ ಇನ್ನೂ ಸೊಗಸು: ಆ ಗಾಜಿನ ಮೈಯೆಲ್ಲ ಉಬ್ಬುತಗ್ಗು, ಚಮಚದ ಹಿಡಿಯಿಂದ ಮೇಲೆ ಕೆಳಗೆ ಗೀಚಿದರೆ ಕರಕರ ಅಂತ ಲಯ ಹುಟ್ಟುತ್ತದೆ. ಕುಡಿದು ಖಾಲಿ ಮಾಡಿದ ಸೀಸೆಯೇ ರಾತ್ರಿಯಿಡೀ ವಾದ್ಯ. ಜೊತೆಗೆ ಪಂದೆರೇತಾ, ನಮ್ಮ ಕಂಜಿರದ ಜಾತಿಯದು, ಸುತ್ತ ತಾಳದ ಬಿಲ್ಲೆಗಳಿರುತ್ತವೆ. ಗೆಳೆಯರು ಸೇರಿ ಪ್ರಯತ್ನಿಸುವುದಾದರೆ ಗಿಟಾರ್ ಬಾರದವರ ಕೈಗೆ ಇವನ್ನು ಕೊಡಿ.

ತಿನ್ನಲು ಪೆಸ್ತಿನ್ಯೊ. ಮೈದಾ, ಎಳ್ಳು, ಸೋಂಪಿನ ಪರಿಮಳದ ಆಲಿವ್ ಎಣ್ಣೆ, ಸ್ವಲ್ಪ ವೈನ್ ಹಾಕಿ ನಾದಿ, ಲಟ್ಟಿಸಿ, ಮಡಚಿ, ಕರಿದು ಜೇನಲ್ಲಿ ಅದ್ದುತ್ತಾರೆ. ಸೆವಿಯಾ ಪ್ರಾಂತದ ಎಸ್ತೇಪಾ ಊರಿನ ಮಾಂತೆಕಾದೊ, ಪೋಲ್ವೊರೋನ್‌ಗಳೂ ಇರುತ್ತವೆ. ಬಾಯಿಗಿಟ್ಟರೆ ಪುಡಿಯಾಗುತ್ತವೆ, ಹಾಡುವ ಮೊದಲು ತಿನ್ನಬಾರದು!

ಹಬ್ಬದ ದಿನಗಳು ನಮಗೆ ಗೊತ್ತಿರುವ ಲೆಕ್ಕಕ್ಕಿಂತ ಉದ್ದ. ಮನೆಮನೆಯಲ್ಲಿ ಗೋದಲಿ, 24ರ ರಾತ್ರಿ ಮನೆಯವರೆಲ್ಲ ಸೇರಿ ಊಟ, ನಡುರಾತ್ರಿಯ ಪೂಜೆ. 31ರ ರಾತ್ರಿ ಗಂಟೆಯ ಹನ್ನೆರಡು ಬಡಿತಕ್ಕೆ ಹನ್ನೆರಡು ದ್ರಾಕ್ಷಿ. ಮಕ್ಕಳಿಗೆ ಉಡುಗೊರೆ ತರುವವರು ಮೂವರು ರಾಜರು, ಜನವರಿ 5ರ ಸಂಜೆ ಮೆರವಣಿಗೆ, 6ರ ಬೆಳಗ್ಗೆ ಉಡುಗೊರೆ. ಆದರೆ ಸಾಂಬೊಂಬಾದ ಕಾಲ ಕ್ರಿಸ್‌ಮಸ್‌ಗೆ ಮುಂಚಿನದು, 24ರ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ಹುಡುಕಿಕೊಂಡು ಹೋದರೆ ಸಿಗುವುದಿಲ್ಲ.

ಅಭ್ಯಾಸಕ್ಕೆ ಕೂರುವಾಗ

ಮೊದಲ ವಾರ ಗಿಟಾರ್ ಮುಟ್ಟಬೇಡಿ ಅಂತಲೇ ಹೇಳುತ್ತೇನೆ. ತಕಿಟ ತಕಿಟ ತಕ ತಕ ತಕ, ಚಪ್ಪಾಳೆ, ಅಷ್ಟೇ. ಬಸ್ಸಲ್ಲಿ ಕೂತಾಗ ತೊಡೆಯ ಮೇಲೆ ತಟ್ಟಿದರೂ ನಡೆಯುತ್ತದೆ. ಆಮೇಲೆ ಮುಚ್ಚಿದ ತಂತಿ, ಆಮೇಲೆ ಎ ಮತ್ತು ಬಿ ಫ್ಲಾಟ್. ಇಷ್ಟು ಬಂದ ಮೇಲೆ ಯಾರನ್ನಾದರೂ ಕೂರಿಸಿಕೊಂಡು ಹಾಡಿಸಿ, ಸ್ಪ್ಯಾನಿಷ್ ಬಾರದಿದ್ದರೆ ಬರೀ ಲಾಲಾ ಅಂತ ಧಾಟಿ ಎಳೆದರೂ ಸಾಕು. ಒಬ್ಬರು ಚರಣ, ಎಲ್ಲರೂ ಪಲ್ಲವಿ. ಪಲ್ಲವಿ ಎಷ್ಟು ಸಲ ಮರಳುತ್ತದೆ ಅನ್ನುವುದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲ, ನಡುವೆ ಒಬ್ಬರು ಎದ್ದು ಒಂದು ಸುತ್ತು ಕುಣಿದು ಕೂತುಬಿಡಬಹುದು, ಮುಂದಿನ ಚರಣವನ್ನು ಬೇರೆ ಯಾರೋ ಎತ್ತಬಹುದು. ಆದ್ದರಿಂದ ಕಣ್ಣು ಫ್ರೆಟ್‌ಬೋರ್ಡಿನ ಮೇಲೆ ಬೇಡ, ಹಾಡುವವರ ಬಾಯಿಯ ಮೇಲಿರಲಿ. ಅವರು ಉಸಿರು ಎಳೆದುಕೊಂಡರು ಅಂದರೆ ನಿಮ್ಮ ಫಾಲ್ಸೆತಾ ಎಲ್ಲಿದ್ದರೂ ಬಿಟ್ಟು, 10ಕ್ಕೆ ಕಡಿದು, ಎ ಹಿಡಿದು ಕಾಯಿರಿ.