ತಂತಿಯ ಯಾವ ಜಾಗಕ್ಕೆ ಕಿವಿಗೊಡಬೇಕು?

ರಾಯಚೂರಿನಲ್ಲಿ ಪಂಪ್‌ಸೆಟ್ಟಿನ ಮೋಟಾರುಗಳಿಗೆ ವೈಂಡಿಂಗ್ ಮಾಡಿಕೊಡುವ ಅಂಗಡಿಗಳಿಗೆ ಬರವಿಲ್ಲ. ಕಳೆದ ಬೇಸಿಗೆಯಲ್ಲಿ ಅಂಥದೊಂದು ಅಂಗಡಿಗೆ ನಾನು ಒಯ್ದದ್ದು ಮೋಟಾರನ್ನಲ್ಲ, ಬೆರಳುದ್ದದ ಒಂದು ಕರಿ ಪ್ಲಾಸ್ಟಿಕ್ ಡಬ್ಬಿಯನ್ನು. ಮದುವೆ, ಜಾತ್ರೆಗಳ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರು ನುಡಿಸುವ ನಮ್ಮ ಓಣಿಯ ಹುಡುಗನ ವಾದ್ಯದಲ್ಲಿ, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಎರಡು ಪಿಕಪ್ಪುಗಳ ಪೈಕಿ ಒಂದು ಮೂಕವಾಗಿತ್ತು. ಅಂಗಡಿಯವರು ಮುಚ್ಚಳ ತೆಗೆದು, ಸುರುಳಿಯಿಂದ ಕಿತ್ತು ನೇತಾಡುತ್ತಿದ್ದ ಎಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ತಂತಿ ಅಲ್ರಿ ಸರ, ಕೂದ್ಲ ಅದ. ಎಳದ್ರ ಹರೀತದ" ಎಂದು ಕೈಗೆ ವಾಪಸು ಕೊಟ್ಟರು. ಅವರ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಪಿಕಪ್ಪಿನ ತಾಮ್ರದ ಎಳೆ ಸುಮಾರು 0.06 ಮಿಲಿಮೀಟರ್ ದಪ್ಪದ್ದು. ಆಯಸ್ಕಾಂತಗಳ ಸುತ್ತ ಅದನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿರುವ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಾಡುತ್ತದೆ, ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ಈ ತತ್ವದಲ್ಲಿ ಹೊಸದೇನೂ ಇಲ್ಲ.

ಹೊಸ ಪಿಕಪ್ಪು ತರಿಸಿದ್ದಾಯಿತು. ಆದರೆ ಅದನ್ನು ಸ್ಕ್ರೂ ಹಾಕಿ ಕೂರಿಸುವ ಮೊದಲು ನಾವಿಬ್ಬರೂ ಮಾಡಿದ ಒಂದು ಆಟವೇ ಈ ಲೇಖನಕ್ಕೆ ಕಾರಣ. ಪಿಕಪ್ಪಿನ ಎರಡು ವೈರುಗಳನ್ನು ನೇರವಾಗಿ ಆಂಪ್ಲಿಫೈಯರಿಗೆ ಜೋಡಿಸಿ, ಅದನ್ನು ಬೋರಲಾಗಿ ಹಿಡಿದು, ತಂತಿಗಳಿಂದ ಮೂರ್ನಾಲ್ಕು ಮಿಲಿಮೀಟರ್ ಮೇಲೆ, ತಂತಿಗಳು ಕೂರುವ ಕುದುರೆಯಿಂದ, ಅಂದರೆ ಬ್ರಿಜ್ಜಿನಿಂದ, ಕುತ್ತಿಗೆಯವರೆಗೆ ನಿಧಾನವಾಗಿ ಸರಿಸುತ್ತ ಹೋದೆ. ಹುಡುಗ ಒಂದೇ ತಂತಿಯನ್ನು ಒಂದೇ ಜಾಗದಲ್ಲಿ, ಒಂದೇ ಬಲದಿಂದ ಮೀಟುತ್ತಿದ್ದ. ಬ್ರಿಜ್ಜಿನ ಹತ್ತಿರ ಮೂಗಿನಿಂದ ಬಂದಂತಿದ್ದ ಗಡಸು ನಾದ, ಕೈ ಸರಿದಂತೆಲ್ಲ ಮೈತುಂಬಿಕೊಳ್ಳುತ್ತ, ಕುತ್ತಿಗೆಯ ಬಳಿ ಬಂದಾಗ ಎದೆಗೆ ಗುದ್ದುವ ಗುಂಭನೆಯ ದನಿಯಾಯಿತು. ತಂತಿ ಬದಲಾಗಿರಲಿಲ್ಲ, ಬೆರಳು ಬದಲಾಗಿರಲಿಲ್ಲ, ಪಿಕಪ್ಪೂ ಅದೇ. ಬದಲಾದದ್ದು ಅದು ಕಿವಿಗೊಟ್ಟ ಜಾಗ ಮಾತ್ರ.

ಮೀಟಿದ ತಂತಿ ಒಂದೇ ಬಗೆಯಾಗಿ ಕಂಪಿಸುವುದಿಲ್ಲ. ಇಡಿಯಾಗಿ ಒಂದು ಬಿಲ್ಲಿನಂತೆ ಬಾಗುವ ಜೊತೆಗೇ ಎರಡು ತುಂಡು, ಮೂರು ತುಂಡು, ನಾಲ್ಕು ತುಂಡುಗಳಾಗಿಯೂ ಅದು ಕಂಪಿಸುತ್ತದೆ. ಮೊದಲನೆಯದು ಮೂಲಸ್ವರ, ಉಳಿದವನ್ನು ಹಾರ್ಮೋನಿಕ್ ಎನ್ನುತ್ತಾರೆ. ಬೇಸಿನ ಅತಿ ದಪ್ಪ ತಂತಿಯ ಮೂಲಸ್ವರ 41.2 ಹರ್ಟ್ಸ್, ಎರಡನೆಯ ಹಾರ್ಮೋನಿಕ್ 82.4, ಮೂರನೆಯದು 123.6, ಹೀಗೆ. ತುಂಡು ತುಂಡಾಗಿ ಕಂಪಿಸುವಾಗ ನಡುನಡುವೆ ಅಲುಗಾಡದ ಬಿಂದುಗಳು ಉಳಿಯುತ್ತವೆ, ಅವೇ ನಿಸ್ಪಂದಗಳು. ಪಿಕಪ್ಪು ಯಾವ ಹಾರ್ಮೋನಿಕ್ಕಿನ ನಿಸ್ಪಂದದ ಮೇಲೆ ಕೂತಿದೆಯೋ ಆ ಹಾರ್ಮೋನಿಕ್ಕಿಗೆ ಅದು ಕಿವುಡು.

ಸಾಮಾನ್ಯ ಬೇಸಿನ ತಂತಿಯ ಕಂಪಿಸುವ ಉದ್ದ 34 ಇಂಚು. ಅಮೆರಿಕದ ಗಿಟಾರು ತಯಾರಕ ಲಿಯೋ ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಶನ್ ಬೇಸಿನಿಂದ ಈ ಅಳತೆ ಬಳಕೆಗೆ ಬಂತು. ನಮ್ಮ ಹುಡುಗನದು 1960ರಲ್ಲಿ ಬಂದ ಜಾಝ್ ಬೇಸಿನ ಮಾದರಿ. ಅದರಲ್ಲಿ ಒಂದು ಪಿಕಪ್ಪು ಬ್ರಿಜ್ಜಿನಿಂದ ಸುಮಾರು 2.4 ಇಂಚು, ಇನ್ನೊಂದು ಸುಮಾರು 6 ಇಂಚು ದೂರದಲ್ಲಿದೆ. ತಂತಿಯ ನಟ್ಟನಡುವೆ ಮೂಲಸ್ವರದ ಅಲುಗಾಟ ನೂರು ಪಾಲು ಎಂದಿಟ್ಟುಕೊಂಡರೆ, 6 ಇಂಚಿನ ಪಿಕಪ್ಪಿಗೆ ಅದರಲ್ಲಿ ದಕ್ಕುವುದು 53 ಪಾಲು, ಬ್ರಿಜ್ಜಿನ ಪಿಕಪ್ಪಿಗೆ ಬರೀ 22. ಬ್ರಿಜ್ಜಿನ ಪಿಕಪ್ಪಿನ ದನಿ ತೆಳುವೆನಿಸುವುದು ಅದರ ತಯಾರಿಕೆಯ ದೋಷದಿಂದಲ್ಲ. ಅಲ್ಲಿ ತಂತಿಯೇ ಹೆಚ್ಚು ಅಲುಗಾಡುವುದಿಲ್ಲ, ಅಲುಗಾಡಿದಷ್ಟರಲ್ಲಿ ಮೇಲಿನ ಹಾರ್ಮೋನಿಕ್ಕುಗಳ ಪಾಲೇ ದೊಡ್ಡದು. ಇದನ್ನು ತಿಳಿಯದೆ ಆಯಸ್ಕಾಂತದ ಜಾತಿ, ಸುತ್ತುಗಳ ಲೆಕ್ಕ ಎಂದು ಪಿಕಪ್ಪಿನ ಮೇಲೆ ಪಿಕಪ್ಪು ಬದಲಾಯಿಸಿ ದುಡ್ಡು ಕಳೆದುಕೊಳ್ಳುವವರನ್ನು ಕಂಡರೆ ನನಗೆ ಕನಿಕರವಾಗುತ್ತದೆ.

ಎರಡನ್ನೂ ಒಟ್ಟಿಗೆ ತೆರೆದರೆ ಇನ್ನೊಂದು ವಿಚಿತ್ರ. ದಪ್ಪ ತಂತಿಯನ್ನು ಬಿಡಿಯಾಗಿ, ಅಂದರೆ ಎಲ್ಲೂ ಬೆರಳೊತ್ತದೆ, ಮೀಟಿದಾಗ ಆರರಿಂದ ಹನ್ನೊಂದನೆಯವರೆಗಿನ ಹಾರ್ಮೋನಿಕ್ಕುಗಳಲ್ಲಿ, ಒಂದು ಪಿಕಪ್ಪಿನ ಮುಂದೆ ತಂತಿ ಮೇಲೇಳುತ್ತಿರುವಾಗ ಇನ್ನೊಂದರ ಮುಂದೆ ಕೆಳಗಿಳಿಯುತ್ತಿರುತ್ತದೆ. ಎರಡೂ ಸಂಕೇತಗಳು ಕೂಡಿದಾಗ ಒಂದನ್ನೊಂದು ಹೊಡೆದುಹಾಕುತ್ತವೆ. ಎಂಟನೆಯದಂತೂ, ಅಂದರೆ 330 ಹರ್ಟ್ಸಿನ ಆಸುಪಾಸಿನದು, ಹೆಚ್ಚುಕಡಿಮೆ ಅಳಿದೇ ಹೋಗುತ್ತದೆ. ಎರಡು ಪಿಕಪ್ಪುಗಳ ಜಾಝ್ ಬೇಸಿಗೆ ನಡುಮಟ್ಟದ ಸ್ವರಗಳನ್ನು ತಗ್ಗಿಸಿದಂಥ ನಯವಾದ ದನಿ ಬರುವುದು ಹೀಗೆ. 1970ರ ದಶಕದಲ್ಲಿ ಬ್ರಿಜ್ಜಿನ ಪಿಕಪ್ಪನ್ನು ಸುಮಾರು ಒಂದು ಸೆಂಟಿಮೀಟರಿನಷ್ಟು ಹಿಂದಕ್ಕೆ ಸರಿಸಿದಾಗ ಈ ಅಳಿವಿನ ಲೆಕ್ಕವೂ ಸರಿದು, ಆ ಕಾಲದ ಬೇಸುಗಳಿಗೆ ಬೇರೆಯೇ ಕಂಠ ಬಂತು.

ಕುತ್ತಿಗೆಯ ಪಿಕಪ್ಪನ್ನು 24ನೆಯ ಫ್ರೆಟ್ಟಿನ (ಬೆರಳೊತ್ತುವ ಮೆಟ್ಟಿಲಿನ) ಜಾಗದಲ್ಲೇ ಇಡಬೇಕು, ಅದು ತಂತಿಯ ಕಾಲುಭಾಗ, ಅಲ್ಲೇನೋ ವಿಶೇಷವಿದೆ ಎನ್ನುವವರುಂಟು. ಬಿಡಿ ತಂತಿಗೆ ಆ ಮಾತು ಅರ್ಥಪೂರ್ಣವೇ. ಅಲ್ಲಿ ನಾಲ್ಕನೆಯ ಹಾರ್ಮೋನಿಕ್ ಕೇಳದು. ಆದರೆ 12ನೆಯ ಫ್ರೆಟ್ಟನ್ನು ಒತ್ತಿದ ಕ್ಷಣ ತಂತಿ 17 ಇಂಚಿಗೆ ಮೊಟಕಾಗಿ, ಅದೇ ಪಿಕಪ್ಪು ನಟ್ಟನಡುವೆ ಬಂದು, ಎರಡನೆಯದನ್ನೂ ಕಳೆದುಕೊಳ್ಳುತ್ತದೆ. ಬೆರಳು ಫ್ರೆಟ್ಟಿನಿಂದ ಫ್ರೆಟ್ಟಿಗೆ ಹೋದಂತೆ ನಿಸ್ಪಂದಗಳೂ ಓಡಾಡುತ್ತವೆ. ಹಾಗಿರುವಾಗ ಯಾವುದನ್ನು ಪುಣ್ಯಸ್ಥಳವೆನ್ನುವುದು?

ಮೀಟುವ ಜಾಗಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ನಿಸ್ಪಂದವಿರುವಲ್ಲಿ ಮೀಟಿದರೆ ಆ ಹಾರ್ಮೋನಿಕ್ ಹುಟ್ಟುವುದೇ ಇಲ್ಲ ಎಂದು ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ ಹೇಳಿದ್ದ. ತಂಬೂರಿ, ವೀಣೆಗಳಲ್ಲಿ ಹೀಗೆ ಹುಟ್ಟಬಾರದ ಹಾರ್ಮೋನಿಕ್ಕುಗಳೂ ಗಟ್ಟಿಯಾಗಿ ಕೇಳುತ್ತವೆ, ಅದಕ್ಕೆ ಅವುಗಳ ಅಗಲವಾದ ಬಾಗುಗುದುರೆಯೇ ಕಾರಣ ಎಂದು 1921ರಲ್ಲಿ ತೋರಿಸಿದವರು ಸಿ.ವಿ. ರಾಮನ್. ನಮ್ಮ ಕಡೆಯ ತತ್ವಪದಕಾರರ ತಂಬೂರಿ ಕೇಳಿ ಬೆಳೆದ ಕಿವಿಗೆ ಬೇಸಿನ ದನಿ ಮೊದಮೊದಲು ಸಪ್ಪೆ ಎನಿಸುವುದಕ್ಕೆ ಇದೂ ಒಂದು ಕಾರಣವಿರಬಹುದು.

ಇನ್ನು ಕೈಗೆ ಸಿಗುವ ಅನುಭವದ ಮಾತು. ಬೇಸ್ ನುಡಿಸುವವರು ಹೆಬ್ಬೆರಳನ್ನು ಊರುವುದು ಸಾಮಾನ್ಯವಾಗಿ ಪಿಕಪ್ಪಿನ ಅಂಚಿನ ಮೇಲೆಯೇ. ಆದ್ದರಿಂದ ಪಿಕಪ್ಪು ಎಲ್ಲಿದೆ ಎಂಬುದು ಬೆರಳು ಎಲ್ಲಿ ಮೀಟುತ್ತದೆ ಎಂಬುದನ್ನೂ ತೀರ್ಮಾನಿಸುತ್ತದೆ. ತಂತಿಯನ್ನು ಅಷ್ಟೇ ದೂರ ಸರಿಸಲು 6 ಇಂಚಿನ ಜಾಗದಲ್ಲಿ ಬೇಕಾದ ಬಲಕ್ಕಿಂತ 2.4 ಇಂಚಿನಲ್ಲಿ ಎರಡು ಪಟ್ಟಿಗೂ ಹೆಚ್ಚು ಬಲ ಬೇಕು. ಅಲ್ಲಿ ತಂತಿ ಬಿಗಿಯಾಗಿ, ಬೆರಳನ್ನು ಹಿಂದಕ್ಕೆ ತಳ್ಳುವಂತಿರುತ್ತದೆ. ವೇಗದ ನುಡಿಕೆಗೆ ಅದು ಅನುಕೂಲ. ಅಮೆರಿಕದ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್‌ನ ಹಾಡುವಂಥ ದನಿ ಬಂದದ್ದು ಬ್ರಿಜ್ಜಿನ ಪಿಕಪ್ಪಿನಿಂದ, ಅದರ ಬಳಿಯೇ ಮೀಟುವ ಬೆರಳುಗಳಿಂದ. ಕುತ್ತಿಗೆಯ ಹತ್ತಿರ ತಂತಿ ಸಡಿಲವೆನಿಸಿ ಅಗಲವಾಗಿ ತೂಗುತ್ತದೆ. ಅಲ್ಲಿ ಪಿಕಪ್ಪನ್ನು ತೀರಾ ಎತ್ತರಿಸಿದರೆ ಆಯಸ್ಕಾಂತವೇ ತಂತಿಯನ್ನು ಜಗ್ಗಿ ಶ್ರುತಿ ಕೆಡಿಸುತ್ತದೆ.

ನಮ್ಮ ಆಟದ ನಡುವೆ ಆಂಪಿನಿಂದ ಗುಂಯ್ ಎಂಬ ಸದ್ದು ಬಿಡದೆ ಬರುತ್ತಿತ್ತು. ಒಂಟಿ ಸುರುಳಿ ಮನೆಯ ಕರೆಂಟಿನ 50 ಹರ್ಟ್ಸನ್ನೂ ಹೀರಿಕೊಳ್ಳುತ್ತದೆ. ದಪ್ಪ ತಂತಿಯ ಮೂರನೆಯ ಫ್ರೆಟ್ 49 ಹರ್ಟ್ಸ್. ಅದನ್ನು ಮೀಟಿದಾಗ ಎರಡೂ ಸೇರಿ ಸೆಕೆಂಡಿಗೊಮ್ಮೆ ಏರಿಳಿಯುವುದನ್ನು ಕೇಳಿ ಹುಡುಗ ನಕ್ಕ. ಈ ಗುಂಯ್‌ಕಾರವನ್ನು ಅಳಿಸಲೆಂದೇ 1957ರಲ್ಲಿ ಪ್ರಿಸಿಶನ್ ಬೇಸಿನ ಪಿಕಪ್ಪನ್ನು ಪರಸ್ಪರ ವಿರುದ್ಧವಾದ ಎರಡು ತುಂಡುಗಳಾಗಿ ಮಾಡಿದರು. ದಪ್ಪ ತಂತಿಗಳ ತುಂಡು ಕುತ್ತಿಗೆಯ ಕಡೆಗೆ, ತೆಳು ತಂತಿಗಳದು ಬ್ರಿಜ್ಜಿನ ಕಡೆಗೆ ಬಂತು. ನನ್ನನ್ನು ಕೇಳಿದರೆ ಅದು ತಿರುವುಮುರುವಾಗಬೇಕಿತ್ತು: ದಪ್ಪ ತಂತಿಗೆ ಸ್ಪಷ್ಟತೆ ಬೇಕು, ತೆಳು ತಂತಿಗೆ ಮೈ ಬೇಕು. ಕೆಲವು ತಯಾರಕರು ಹಾಗೆ ಮಾಡುತ್ತಲೂ ಇದ್ದಾರೆ.

ಕೊನೆಗೆ ಪಿಕಪ್ಪನ್ನು ಹಳೆಯ ಗುಳಿಯಲ್ಲೇ ಕೂರಿಸಿದೆವು. ಮರ ಮೊದಲೇ ಕೊರೆದಿತ್ತು. ಮುಂದಿನ ವಾರ ಹಳ್ಳಿಯೊಂದರ ಜಾತ್ರೆಯ ಬಯಲಿನಲ್ಲಿ ಅವನ ಕಾರ್ಯಕ್ರಮ. ಅಲ್ಲಿದ್ದದ್ದು ಕೊಂಬಿನ ಸ್ಪೀಕರುಗಳು. ಅವುಗಳ ಬಾಯಿಂದ 41 ಹರ್ಟ್ಸ್ ಹೊರಬೀಳುವುದಿಲ್ಲ. ಕುತ್ತಿಗೆಯ ಪಿಕಪ್ಪಿನಲ್ಲಿ ನುಡಿಸಿದಾಗ ಬೇಸ್ ಇದೆಯೋ ಇಲ್ಲವೋ ತಿಳಿಯಲಿಲ್ಲ. ಎರಡನೆಯ ಹಾಡಿಗೆ ಅವನು ಗುಂಡಿ ತಿರುಗಿಸಿ ಬ್ರಿಜ್ಜಿನ ಪಿಕಪ್ಪನ್ನು ತೆರೆದ. ಮೇಲಿನ ಹಾರ್ಮೋನಿಕ್ಕುಗಳು ಕೊಂಬಿನಿಂದ ಹೊರಬಂದವು. ಅವುಗಳ ನಡುವಣ ಅಂತರದಿಂದಲೇ ಇಲ್ಲದ ಮೂಲಸ್ವರವನ್ನು ನಮ್ಮ ಮಿದುಳು ಊಹಿಸಿಕೊಳ್ಳುತ್ತದೆ. ಮೂಲಸ್ವರವನ್ನು ಅತಿ ಕಡಿಮೆ ಹಿಡಿಯುವ ಪಿಕಪ್ಪಿನಿಂದಲೇ ಆ ಬಯಲಿಗೆ ಬೇಸ್ ಕೇಳಿಸಿತು.